ಬಾಗಿಲಿನ ಕಪ್ಪು ರಿಬ್ಬನ್

ಅಮ್ಮಾ,

ನೀನು ಬಾಗಿಲಿಗೆ ಕಟ್ಟಿರೋ ಕಪ್ಪು ರಿಬ್ಬನ್ ಮೊದಲು ಬಿಚ್ಚು. ಕಾಲೇಜಿನಲ್ಲಿ ನೀನೂ ಅಜ್ಜಿಯೂ ಇದ್ದ ಕೊಕ್ಕರೆ ಸಂಘ ಬಿಟ್ಟು ಅಳಿಲು ಸಂಘದ ಹುಡುಗಿಯರ ಜೊತೆ ಸೇರಿದ್ದೀನಿ, ಅಷ್ಟೇ. ಸತ್ತಿಲ್ಲ.

ಇವತ್ತು ನೀನಿಲ್ಲದಾಗ ಮನೆಗೆ ಬಂದು ನೋಡಿದ್ರೆ, ಬೀದಿಯವರೆಲ್ಲ ಸಾವಿನ ಮನೆ ಅಂದ್ಕೊಂಡು ಊಟ ತಂದು ಸುರಿದಿದ್ದಾರೆ. ಪಾದ್ರಿ ಹೆಂಡತಿ ಲೂರ್ಲೀನ್ ಆಂಟಿ ನನ್ನನ್ನೇ ತಬ್ಬಿಕೊಂಡು, "ಯಾರಮ್ಮಾ ಹೋಗಿದ್ದು?" ಅಂತ ಅತ್ತರು. "ನಾನೇ" ಅಂದೆ. ಇನ್ನೂ ಜೋರಾಗಿ ಅತ್ತರು.

ಅಲಬಾಮಾದ ಅರ್ಧ ಕೋಳಿಗಳು ನಮ್ಮ ಫ್ರಿಜ್ಜಲ್ಲಿವೆ. ಪಾತ್ರೆಗಳ ತಳಕ್ಕೆ ಹೆಸರು ಅಂಟಿಸಿದ್ದಾರೆ, ತೊಳೆದು ವಾಪಸ್ ಕೊಡು. ಹ್ಯಾಮ್ ಮಾತ್ರ ಮುಟ್ಟಬೇಡ. ಭಾನುವಾರ ಬರ್ತೀನಿ, ನನ್ನ ತಿಥಿ ಊಟ ನನಗೂ ಬೇಕು.

ಅಜ್ಜಿ ಫೋನ್ ಮಾಡಿದ್ರೆ ಅಳಿಲಿನ ವಿಷಯ ಎತ್ತಬೇಡ. ನಾನು ಸತ್ತೆ ಅಂತಲೇ ಹೇಳು, ಅದನ್ನಾದ್ರೆ ತಡ್ಕೋತಾರೆ.

ಡೆಲ್ಫೀನ್