ಅತ್ತೆ ನನ್ನನ್ನು ಕೊಟ್ಟುಬಿಟ್ಟ ದಿನ

ಉಪ್ಸಾಲಾ
ಡಿಸೆಂಬರ್, ಗುರುವಾರ ಬೆಳಿಗ್ಗೆ

ಪ್ರೀತಿಯ ಉಲ್ರಿಕಾ ಅವರಿಗೆ,

ಹೆಸರಿನ ಹಿಂದೆ ‘ಅವರು’ ಅಂಟಿಸಬೇಡ ಎಂದು ನಾಲ್ಕು ವರ್ಷದಿಂದ ಬೈಯುತ್ತಿದ್ದೀರಿ. ನಿಮ್ಮ ದೇಶದಲ್ಲಿ ಪ್ರೊಫೆಸರನ್ನೂ ಕಸ ಗುಡಿಸುವವನನ್ನೂ ಬರೀ ಹೆಸರು ಹಿಡಿದೇ ಕರೆಯುತ್ತಾರೆ, ಗೊತ್ತು. ಆದರೆ ಇದು ನಮ್ಮೂರು ಮಸಾಕಾದಲ್ಲಿ ನನ್ನ ಅತ್ತೆ ತಿದ್ದಿ ಬೆಳೆಸಿದ ನಾಲಿಗೆ, ಹಿರಿಯರ ಹೆಸರನ್ನು ಬರಿದಾಗಿ ಕರೆದರೆ ಸುಟ್ಟಂತಾಗುತ್ತದೆ. ಇದೊಂದು ಕಾಗದದಲ್ಲಾದರೂ ನನ್ನ ಇಷ್ಟಕ್ಕೆ ಬಿಟ್ಟುಬಿಡಿ.

ಶುಕ್ರವಾರದೊಳಗೆ ಉತ್ತರ ಹೇಳು ಎಂದಿದ್ದಿರಿ. ಇನ್ನೂ ಮೂರು ವರ್ಷ ಇಲ್ಲೇ, ನಿಮ್ಮ ಪ್ರಯೋಗಾಲಯದಲ್ಲೇ ಕೆಲಸ; ಅದಾದ ಮೇಲೆ ಬಹುಶಃ ಇಲ್ಲೇ ಬದುಕು. ಹೇಳಿ ಮುಗಿಸಿ ನೀವೇ ನಕ್ಕಿರಿ. “ಕೇಳೋದೇನು ಬಂತು, ಡಮಾಲಿ? ನಿಮ್ಮತ್ತೆ ತುಂಬಿದ ಸಭೆಯಲ್ಲೇ ಉತ್ತರ ಕೊಟ್ಟುಬಿಟ್ರಲ್ಲ!” ನಾನೂ ನಕ್ಕೆ. ಆಮೇಲೆ ಎರಡು ದಿನ ಊಟ ಸೇರಲಿಲ್ಲ. ಅದಕ್ಕೇ ಈ ಕಾಗದ.

ನಿಮ್ಮ ಮೇಲಿನ ಪ್ರೀತಿಯನ್ನು ಮೊದಲೇ ಹೇಳಿಬಿಡುತ್ತೇನೆ, ಕೊನೆಗೆ ಇಟ್ಟುಕೊಂಡರೆ ನೀವು ಅದನ್ನು ಸಮಾಧಾನದ ಮಾತು ಅಂದುಕೊಳ್ಳುತ್ತೀರಿ. ಮೊದಲ ದಿನ ನೆನಪಿದೆಯೇ? ನಿಮ್ಮ ಕೋಣೆಯ ಹೊರಗೆ, ಉದ್ದನೆಯ ಆ ಓಣಿಯಲ್ಲಿ, ನೀವು ಎದುರಾದ ತಕ್ಷಣ ನಾನು ಮಂಡಿಯೂರಿ ಕುಳಿತೆ. ನಮ್ಮ ಬುಗಾಂಡದಲ್ಲಿ ಹೆಣ್ಣುಮಕ್ಕಳು ಹಿರಿಯರನ್ನು ಮಾತನಾಡಿಸುವುದೇ ಹಾಗೆ. ನೀವು ಗಾಬರಿಯಾಗಿ, “ಏನು ಬಿತ್ತು? ಕಣ್ಣಿಗೆ ಹಾಕೋ ಲೆನ್ಸಾ?” ಎನ್ನುತ್ತಾ ನೀವೂ ಮಂಡಿಯೂರಿ ನೆಲ ತಡಕತೊಡಗಿದಿರಿ. ಏನೂ ಬಿದ್ದಿಲ್ಲ ಎಂದು ಹೇಳಲು ನಾಚಿಕೆಯಾಗಿ ನಾನೂ ನಿಮ್ಮ ಜೊತೆ ಹುಡುಕಿದೆ. ದಾರಿಯಲ್ಲಿ ಬಂದ ಇನ್ನೊಬ್ಬ ಪ್ರಾಧ್ಯಾಪಕರೂ ಕುಳಿತು ಹುಡುಕಿದರು. ಅಷ್ಟು ಗೌರವದ ಸ್ವಾಗತ ನನಗೆ ಕಂಪಾಲಾದಲ್ಲೂ ಸಿಕ್ಕಿರಲಿಲ್ಲ.

ಅಂದಿನಿಂದ ಆರು ತಿಂಗಳು ಇಲ್ಲಿ, ಆರು ತಿಂಗಳು ಅಲ್ಲಿ. ನಿಮ್ಮ ವಿಶ್ವವಿದ್ಯಾಲಯಕ್ಕೂ ನಮ್ಮದಕ್ಕೂ ನಡುವಿನ ಒಪ್ಪಂದವೇ ಅಂಥದ್ದು. ಬಾಳೆಯ ಸೊರಗು ರೋಗವನ್ನು ನಮ್ಮ ತೋಟಗಳಲ್ಲಿ ಹುಡುಕುವುದು, ನಿಮ್ಮ ಯಂತ್ರಗಳಲ್ಲಿ ಓದುವುದು. ಇಲ್ಲಿನ ಚಳಿಗೆ ನಾನು ಅಳುವಂತಾದಾಗ ನಿಮ್ಮ ಕೋಟನ್ನೇ ಬಿಚ್ಚಿ ಹೊದಿಸಿದಿರಿ. ಮೂರು ಗಂಟೆಯಾದರೆ ಸಾಕು, ಕೆಲಸ ಎಲ್ಲಿದ್ದರೂ ಅಲ್ಲೇ ಬಿಡಿಸಿ ಕಾಫಿಗೂ ಏಲಕ್ಕಿ ಬನ್ನಿಗೂ ಎಳೆದೊಯ್ಯುತ್ತಿದ್ದಿರಿ. ನನ್ನ ಪಿಎಚ್.ಡಿ. ಪ್ರಬಂಧ ಅಚ್ಚಾಗಿ ಬಂದ ದಿನ, ಅದನ್ನು ಹಲಗೆಗೆ ಮೊಳೆ ಹೊಡೆದು ಎಲ್ಲರಿಗೂ ಕಾಣುವಂತೆ ತೂಗುಹಾಕುವ ನಿಮ್ಮೂರಿನ ಶಾಸ್ತ್ರಕ್ಕೆ ಸುತ್ತಿಗೆಯನ್ನು ನೀವೇ ಕೈಗಿತ್ತಿರಿ. ನಾನು ಮೊಳೆ ಬಿಟ್ಟು ಹೆಬ್ಬೆರಳಿಗೆ ಹೊಡೆದುಕೊಂಡೆ. ಬೆರಳಿಗೆ ಊದುತ್ತಾ ನಿಂತ ನಿಮ್ಮ ಮುಖ ನೋಡಿದಾಗ, ಅಮ್ಮ ಇದ್ದಿದ್ದರೆ ಹೀಗೇ ಊದುತ್ತಿದ್ದಳು ಎನ್ನಿಸಿತು. ಅದನ್ನು ಆಗ ಹೇಳಲಿಲ್ಲ.

ಇನ್ನು ಅತ್ತೆಯ ವಿಷಯ. ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ ನನ್ನನ್ನು ಸಾಕಿದ್ದು ಅಪ್ಪನ ಅಕ್ಕ, ಎಸೇಜಾ ಅತ್ತೆ. ಮಸಾಕಾದಲ್ಲಿ ಮದುವೆ ಬಟ್ಟೆ ಹೊಲಿಯುವ ಅಂಗಡಿ ಅವರದು. ಊರಿನ ಯಾವ ಮದುವೆಯಲ್ಲೂ ಅವರಿಲ್ಲದೆ ಮಾತು ಮುಗಿಯುವುದಿಲ್ಲ. ನನ್ನ ಪರೀಕ್ಷೆ ನೋಡಲು ಅವರು ಇಲ್ಲಿಗೆ ಬಂದಿಳಿದ ದಿನ, “ಆ ದೊಡ್ಡ ಪರೀಕ್ಷೆ ಅಂದ್ರೆ ಏನೇ ಅದು?” ಎಂದು ಕೇಳಿದರು. ನಾನು ವಿವರಿಸಿದೆ: ದೊಡ್ಡ ಸಭೆ ಸೇರುತ್ತದೆ, ಬೇರೆ ದೇಶದಿಂದ ಎದುರಾಳಿಯೊಬ್ಬರು ಬಂದು ವೇದಿಕೆಯ ಮೇಲೆ ನನ್ನನ್ನು ಗಂಟೆಗಟ್ಟಲೆ ಕೆಣಕುತ್ತಾರೆ, ನಾನು ತಡೆದುಕೊಂಡು ಉತ್ತರಿಸಬೇಕು, ಸಭೆಯವರೂ ಮಾತಾಡಬಹುದು, ಹಿರಿಯರು ಒಳಗೆ ಹೋಗಿ ತೀರ್ಮಾನಿಸುತ್ತಾರೆ, ಆಮೇಲೆ ಔತಣ. ಅತ್ತೆ ತಲೆದೂಗಿ, “ಓ, ಗೊತ್ತಾಯ್ತು ಬಿಡು” ಎಂದರು. ಏನು ಗೊತ್ತಾಯಿತು ಎಂದು ನಾನು ಕೇಳಬೇಕಿತ್ತು.

ನೀವು ನನ್ನ ಚಿಕ್ಕಪ್ಪನ ಮಗಳ ಕ್ವಾಂಜುಲಕ್ಕೆ ಬಂದಿದ್ದಿರಲ್ಲ, ಗಂಡಿನ ಕಡೆಯವರು ಹೆಣ್ಣಿನ ಮನೆಗೆ ಬಂದು ಪರಿಚಯ ಹೇಳಿಕೊಂಡು ಹೆಣ್ಣು ಕೇಳುವ ನಮ್ಮ ಶಾಸ್ತ್ರಕ್ಕೆ. ಎರಡೂ ಕಡೆಯ ಮಾತುಗಾರರು ಪರಸ್ಪರ ಕಾಲೆಳೆದದ್ದು, ತಡವಾಗಿ ಬಂದಿರೆಂದು ದಂಡ ಹಾಕಿದ್ದು, ನೀವು ಚಾಪೆಯ ಮೇಲೆ ಕಾಲು ಜೋಮು ಹಿಡಿದು ಕುಳಿತದ್ದು ನೆನಪು ಮಾಡಿಕೊಳ್ಳಿ. ಅತ್ತೆಯ ಲೆಕ್ಕದಲ್ಲಿ ನಿಮ್ಮ ಸಭಾಂಗಣದಲ್ಲಿ ಮೊನ್ನೆ ನಡೆದದ್ದೂ ಅದೇ. ಬೆಲ್ಜಿಯಂನಿಂದ ಬಂದ ಆ ಎದುರಾಳಿ ಗಂಡಿನ ಕಡೆಯ ಮಾತುಗಾರ. ನೀವು ಬೀಗರು.

ಹೆಗಲು ಚೂಪಾದ ನೇರಳೆ ಗೊಮೆಸಿ ಉಟ್ಟು, ಸೊಂಟಕ್ಕೆ ಅಗಲದ ಪಟ್ಟಿ ಬಿಗಿದು, ಮುಂದಿನ ಸಾಲಿನಲ್ಲಿ ಕುಳಿತ ಅತ್ತೆ ಎರಡು ಗಂಟೆ ಹಲ್ಲು ಕಚ್ಚಿ ಸಹಿಸಿದರು. ಸಭಿಕರು ಪ್ರಶ್ನೆ ಕೇಳಬಹುದು ಎಂದು ಅಧ್ಯಕ್ಷರು ಹೇಳಿ ಮುಗಿಸುವ ಮುನ್ನವೇ ಎದ್ದರು. ಅವರ ಲುಗಾಂಡ ಅರ್ಥವಾಗುವವಳು ಆ ಸಭಾಂಗಣದಲ್ಲಿ ನಾನೊಬ್ಬಳೇ. ವೇದಿಕೆಯ ಮೇಲೆ ನಿಂತು, ನನ್ನದೇ ಪರೀಕ್ಷೆಯಲ್ಲಿ, ನನ್ನತ್ತೆಗೆ ನಾನೇ ದುಭಾಷಿಯಾದೆ.

“ಅಯ್ಯಾ ದೊಡ್ಡ ಮನುಷ್ಯ, ನೀರು ಕುಡೀರಿ, ಗಂಟಲು ಒಣಗಿರ್ಬೇಕು. ಇಷ್ಟೊತ್ತು ನಮ್ಮ ಹುಡುಗೀಲಿ ಹುಳುಕು ಹುಡುಕಿದ್ರಲ್ಲ, ಸಿಕ್ತಾ? ಸಿಗಲ್ಲ, ಬೆಳೆಸಿದ್ದು ನಾನು. ಚಿಕ್ಕೋಳಿದ್ದಾಗ ಮೈಗಳ್ಳಿ, ಒಪ್ಕೋತೀನಿ. ಪಾತ್ರೆ ತೊಳಿ ಅಂದ್ರೆ ಪುಸ್ತಕ ಹಿಡ್ಕೊಂಡು ಕೂರೋಳು. ಆ ಪುಸ್ತಕದ ಆಸೆಗೇ ತಾನೆ ನೀವೆಲ್ಲ ಇಲ್ಲಿ ಸೇರಿರೋದು?”

ಸಭೆ ನಕ್ಕಿತು. ಎದುರಾಳಿ ನಿಜಕ್ಕೂ ನೀರು ಕುಡಿದರು. ಅತ್ತೆ ನಿಮ್ಮ ಕಡೆ ತಿರುಗಿದರು.

“ಈ ತಾಯಿನ ನಾವು ಬಲ್ಲೆವು. ನಮ್ಮ ಚಾಪೆ ಮೇಲೆ ಕೂತು ಉಂಡೋರು. ಹುಡುಗಿಗೆ ಚಳಿ ಆದ್ರೆ ತಮ್ಮ ಕೋಟು ಕೊಟ್ಟೋರು. ನಮ್ಮ ಕಡೆಯಿಂದ ಒಪ್ಪಿಗೆ. ಹುಡುಗೀನ ಕೊಟ್ವಿ. ಇವತ್ತಿಂದ ಅವಳು ನಿಮ್ಮನೆಯೋಳು.”

ಇದನ್ನೂ ಅನುವಾದಿಸಿದೆ. “ನನ್ನನ್ನು ಕೊಟ್ಟಿದ್ದಾರೆ. ಇವತ್ತಿನಿಂದ ನಾನು ನಿಮ್ಮವಳು.” ಚಪ್ಪಾಳೆ ಬಿತ್ತು. ನಿಮ್ಮ ಕಣ್ಣು ತುಂಬಿತು. ನಾನು ತಲೆ ತಗ್ಗಿಸಿ ಕಾಗದ ಜೋಡಿಸತೊಡಗಿದ್ದನ್ನು ಎಲ್ಲರೂ ನಾಚಿಕೆ ಅಂದುಕೊಂಡರು.

ಔತಣದಲ್ಲಿ ಅತ್ತೆ ಡಬ್ಬಿ ತೆರೆದು ಹುರಿದ ಮಿಡತೆ ಹಂಚಿದ್ದು, ಆ ಬೆಲ್ಜಿಯಂ ಮನುಷ್ಯ ಎರಡನೇ ಸಲ ಕೈಚಾಚಿದ್ದು ನಿಮಗೆ ಗೊತ್ತು. ಆದರೆ ಅದರ ನಡುವೆ ಅತ್ತೆ ಕಾಣದಾಗಿದ್ದರು. ಕೋಟು ನೇತುಹಾಕುವ ಕೋಣೆಯಲ್ಲಿ, ಎಲ್ಲರ ಕೋಟುಗಳ ನಡುವೆ ನನ್ನದನ್ನು ಹುಡುಕಿ, ಅದರ ಸಡಿಲವಾದ ಗುಂಡಿಯನ್ನು ಹೊಲಿಯುತ್ತಾ ಕುಳಿತಿದ್ದರು. ಕೆನ್ನೆ ಒದ್ದೆಯಾಗಿತ್ತು.

“ಏನಾಯ್ತು ಅತ್ತೆ?”

“ಏನಿಲ್ಲ ಕಣೇ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು. ಅಳ್ಬಾರ್ದು ಅಂತ ಊರಿಗೆಲ್ಲ ಬುದ್ಧಿ ಹೇಳೋಳು ನಾನು. ಹೋಗು, ನಿನ್ನ ಬೀಗ್ರು ಕಾಯ್ತಿರ್ತಾರೆ.”

ಉಲ್ರಿಕಾ ಅವರೇ, ಆ ಗಳಿಗೆಯಲ್ಲಿ ನನಗೆ ಸಿಟ್ಟು ಬಂತು. ಅತ್ತೆಯ ಮೇಲೆ, ನಿಮ್ಮ ಮೇಲೆ, ಚಪ್ಪಾಳೆ ತಟ್ಟಿದವರ ಮೇಲೆ. ನೀವು ಕೊಡುತ್ತಿರುವ ಕೆಲಸ ಸಣ್ಣದಲ್ಲ. ನನ್ನ ಜಾಗದಲ್ಲಿ ಬೇರೆ ಯಾರಿದ್ದರೂ ಕುಣಿದಾಡುತ್ತಿದ್ದರು. ಅರ್ಧ ಮನಸ್ಸಿನಿಂದ ನಾನೂ ಕುಣಿದೆ. ಆದರೆ ಕಾಫಿ ಕುಡಿಯುತ್ತಾ ಒಮ್ಮೆ ನೀವೇ ಹೇಳಿದ್ದಿರಿ: “ನಮ್ಮ ಒಪ್ಪಂದದಲ್ಲಿ ಒಂದೇ ತೊಂದ್ರೆ. ಇಲ್ಲಿಂದ ಹೋದವರು ವಾಪಸ್ ಬರ್ತಾರೆ, ಅಲ್ಲಿಂದ ಬಂದವರಲ್ಲಿ ಚೆನ್ನಾಗಿರೋರು ಇಲ್ಲೇ ಉಳೀತಾರೆ.” ಆಗ ನಗುತ್ತಾ ಹೇಳಿದ್ದಿರಿ. ನಾನು ಆ ಮಾತನ್ನು ಮರೆತಿಲ್ಲ.

ಕಂಪಾಲಾದಲ್ಲಿ ನಮ್ಮ ಪ್ರಯೋಗಾಲಯದ ಚಾವಣಿ ಸೋರುತ್ತದೆ, ಕರೆಂಟು ಹೇಳದೆ ಹೋಗುತ್ತದೆ. ಅಲ್ಲಿ ನಾನು ಬಿಟ್ಟುಬಂದ ವಿದ್ಯಾರ್ಥಿಗಳು ಸಂದೇಶ ಕಳಿಸಿ, ರೋಗ ಹಿಡಿದ ಎಲೆಯ ಚಿತ್ರ ತೋರಿಸಿ, “ಮೇಡಂ, ಇದು ಅದೇನಾ?” ಎಂದು ಕೇಳುತ್ತಾರೆ. ಎಲೆಯನ್ನು ಮುಟ್ಟದೆ ಹೇಗೆ ಹೇಳಲಿ? ಇಲ್ಲಿ ಉಳಿದರೆ ನಾನು ಒಳ್ಳೆಯ ಶಿಷ್ಯೆಯಾಗಿಯೇ ಮುದುಕಿಯಾಗುತ್ತೇನೆ. ಅಲ್ಲಿ ನಾನು ತಪ್ಪು ಮಾಡಿದರೂ ಅದು ನನ್ನದೇ ತಪ್ಪಾಗಿರುತ್ತದೆ. ನನಗೆ ಅದು ಬೇಕು.

ಕ್ವಾಂಜುಲದಲ್ಲಿ ನಿಮ್ಮ ಕಾಲು ಜೋಮು ಹಿಡಿದಿದ್ದರಿಂದ ಒಂದು ಭಾಗ ನೀವು ಗಮನಿಸಿರಲಿಕ್ಕಿಲ್ಲ. ಎರಡು ಕಡೆಯವರೂ ಒಪ್ಪಿದ ಮೇಲೆ ಹುಡುಗಿಯನ್ನು ಕರೆದು ಕೇಳುತ್ತಾರೆ: “ಇವರನ್ನು ಬಲ್ಲೆಯಾ? ಇವರು ತಂದದ್ದನ್ನು ತೆಗೆದುಕೊಳ್ಳೋಣವಾ?” ಅವಳು ಹೂಂ ಎನ್ನುವವರೆಗೆ ಏನೂ ಮುಗಿದಂತಲ್ಲ. ಮೊನ್ನೆ ಅತ್ತೆ ಕೊಟ್ಟರು, ನೀವು ಸ್ವೀಕರಿಸಿದಿರಿ. ನನ್ನನ್ನು ಕೇಳುವುದು ಮಾತ್ರ ಇಬ್ಬರಿಗೂ ಮರೆತುಹೋಯಿತು.

ಇವರನ್ನು ಬಲ್ಲೆ. ಇವರಷ್ಟು ಪ್ರೀತಿಯನ್ನು ಹೊರಗಿನವರಿಂದ ನಾನು ಕಂಡಿಲ್ಲ. ಆದರೆ ನಾನು ಮನೆಗೆ ಹೋಗುತ್ತೇನೆ.

ನಿಮ್ಮೆದುರು ಬಂದು ಹೇಳುವ ಧೈರ್ಯವಿಲ್ಲ. ನೀವು ಕನ್ನಡಕ ತೆಗೆದು ಒಮ್ಮೆ “ಇರು” ಎಂದರೆ ಇದ್ದುಬಿಡುತ್ತೇನೆ. ಹಾಗೆ ಹೇಳಬೇಡಿ. ಬದಲಿಗೆ ಮುಂದಿನ ವರ್ಷ ನಿಮ್ಮ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ನಮ್ಮಲ್ಲಿಗೆ ಬನ್ನಿ. ಆರು ತಿಂಗಳು ಇರಿ, ನಮ್ಮ ತೋಟದಲ್ಲಿ ಕಲಿಯಲಿ. ಬೀಗರು ಎಂದ ಮೇಲೆ ಹೋಗಿಬರುವುದು ಎರಡೂ ಕಡೆಯಿಂದ ಇರಬೇಕು.

ಶನಿವಾರ ಅತ್ತೆಯ ವಿಮಾನ. ಅವರಿಗೆ ನಾನಿನ್ನೂ ಏನೂ ಹೇಳಿಲ್ಲ. ಬೀಳ್ಕೊಳ್ಳುವಾಗ ಅಳಬಾರದೆಂದು ಈಗಿನಿಂದಲೇ ಗಟ್ಟಿಯಾಗಿ ಪದ ಹೇಳಿಕೊಂಡು ಪೆಟ್ಟಿಗೆ ಕಟ್ಟುತ್ತಿದ್ದಾರೆ. ಅವರ ಪಕ್ಕದ ಸೀಟು ನನ್ನದು, ಗುಟ್ಟಾಗಿ ಕಾದಿರಿಸಿದ್ದೇನೆ. ವಿಮಾನ ನಿಲ್ದಾಣಕ್ಕೆ ನೀವೂ ಬನ್ನಿ, ಉಲ್ರಿಕಾ ಅವರೇ. ಅವರು ನನ್ನನ್ನು ನಿಮ್ಮ ಕೈಗೊಪ್ಪಿಸಿ, ಬೆನ್ನು ತಿರುಗಿಸಿ ನಾಲ್ಕು ಹೆಜ್ಜೆ ನಡೆಯಲಿ. ಆಮೇಲೆ ನೀವೇ ನನ್ನನ್ನು ಮೆಲ್ಲಗೆ ಅವರ ಹಿಂದೆ ನೂಕಿಬಿಡಿ.

ದೇವರು ನಿಮ್ಮ ಮಂಡಿನೋವನ್ನು ಕಳೆಯಲಿ, ನಮ್ಮ ಚಾಪೆಯ ಮೇಲೆ ಇನ್ನೂ ಬಹಳ ಸಲ ಕುಳಿತುಕೊಳ್ಳುವ ಆಯುಸ್ಸು ಕೊಡಲಿ.

ನಿಮ್ಮವಳೇ ಆದ, ಆದರೆ ಹೊರಟು ನಿಂತ,
ಡಮಾಲಿ