ಬೆನ್ನಿಲ್ಲದ ಗೌನು

ಗುರುವಾರ, 14 ಮಾರ್ಚ್ 2002

ಅಪ್ಪನ ಜೊತೆ ಸ್ಟುಡಿಯೋಗೆ ಹೋಗಬಾರದಿತ್ತು. ಘಟಿಕೋತ್ಸವದ ದಿನ ನನಗೆ ಜ್ವರ, ಬಿ.ಎ. ಪದವಿಪತ್ರ ಅಂಚೆಯಲ್ಲಿ ಬಂತು. ಗೌನು ಹಾಕಿದ ಫೋಟೊ ಬೇಕೇ ಬೇಕೆಂದು ಹಟ ಹಿಡಿದು ಅಪ್ಪನೇ ಚಳ್ಳಕೆರೆಗೆ ಹೊರಡಿಸಿದ.

ಸ್ಟುಡಿಯೋದವನು ಗೌನು ತೊಡಿಸಿ, ಟೋಪಿ ಇಟ್ಟು, ಸುರುಳಿ ಸುತ್ತಿದ ಹಳೇ ಕ್ಯಾಲೆಂಡರ್ ಕೈಗೆ ಕೊಟ್ಟ. ಅಪ್ಪ, ಕುರಿ ಕೊಳ್ಳುವಾಗ ಮಾಡುವ ಹಾಗೆ, ನನ್ನ ಸುತ್ತ ಒಂದು ಸುತ್ತು ಬಂದ.

"ಏನ್ರೀ ಇದು? ಹಿಂದೆ ಬಟ್ಟೇನೇ ಇಲ್ಲ, ಬರೀ ಲಾಡಿ ಐತೆ!"

"ಫೋಟೊದಾಗೆ ಬೆನ್ನು ಕಾಣಲ್ಲ ಯಜಮಾನ್ರೇ."

"ನಂಗೆ ಕಾಣ್ತೈತಲ್ಲ. ಹದಿನೈದು ವರ್ಷ ಓದಿರೋ ಹುಡ್ಗಿಗೆ ಅರ್ಧ ಅಂಗಿ ಹಾಕ್ತೀರಾ?"

ಸರದಿಗೆ ಕಾದಿದ್ದವರೆಲ್ಲ ನಕ್ಕರು. "ಸುಮ್ನಿರಪ್ಪ, ಮಾನ ಕಳೀಬ್ಯಾಡ" ಎಂದು ಎಲ್ಲರೆದುರೇ ಗದರಿದೆ. ಅವನು ಹೆಗಲ ಮೇಲಿನ ಕರೀ ಕಂಬಳಿ ತೆಗೆದು ನನ್ನ ಬೆನ್ನಿಗೆ ಹೊದಿಸಿ, ಲಾಡಿಯೊಳಗೆ ಸಿಕ್ಕಿಸಿದ. ಮೊದಲೇ ಸೆಕೆ, ಮೇಲೆ ಕುರಿ ವಾಸನೆ. ಅಷ್ಟರಲ್ಲಿ ಸ್ಟುಡಿಯೋದವನು ಫೋಟೊ ಹೊಡೆದೇಬಿಟ್ಟ.

ಶನಿವಾರ ಬರುವ ಫೋಟೊದಲ್ಲಿ ಕಂಬಳಿ ಕಾಣುವುದಿಲ್ಲ, ನನ್ನ ಗಂಟುಮೋರೆಯಷ್ಟೇ ಕಾಣುತ್ತದೆ. ಅಪ್ಪ ಆ ಫೋಟೊಗೇ ಕಟ್ಟು ಹಾಕಿಸಿ ಮನೆಗೆ ಬಂದವರಿಗೆಲ್ಲ ತೋರಿಸುತ್ತಾನೆ.

ಸ್ನಾನ ಮಾಡಿದರೂ ಬೆನ್ನು ಇನ್ನೂ ಚುಚ್ಚುತ್ತಿದೆ.