ಕೋಟಿನೊಳಗಿದ್ದ ನಲವತ್ತಮೂರು ಚೀಟಿ

ಹೊಲಿಗೆಯಕ್ಕನಿಗೆ,

ಅಕ್ಷರಗಳು ಇಷ್ಟು ದಪ್ಪಗೆ ಯಾಕಿವೆ ಎಂದು ಆಶ್ಚರ್ಯಪಡಬೇಡಿ. ಬೇಕೆಂದೇ ಹೀಗೆ ಬರೆದಿದ್ದೇನೆ. ಮೂರು ದಿನದಿಂದ ನನಗೆ ಬಾಯಿ ಕಟ್ಟಿಹೋಗಿದೆ. ನಲ್ಲಿ, ಪೈಪು, ಸಿಂಕು ಮಾರಿ ಮೇಲೆ ಬಂದವನು ನಾನು, ಮಾತೇ ನನ್ನ ಬಂಡವಾಳ. ನಿನ್ನೆ ಗಿರಾಕಿಯೊಬ್ಬ ಹೇಳಿದ ಬೆಲೆಗೇ ತಲೆಯಾಡಿಸಿಬಿಟ್ಟೆ. "ಏನ್ರೀ, ಡಾಕ್ಟರ್ ಹತ್ರ ಹೋಗೋಣ್ವಾ?" ಎಂದು ನನ್ನವಳು ಕೇಳಿದಳು.

ಮಂಗಳವಾರ ಬೆಳಿಗ್ಗೆ ಬಸ್ ಡ್ರೈವರ್ ಅಂಗಡಿಗೆ ಬಂದ. ನಮ್ಮ ಚರ್ಚಿನ ಸಭೆಯವನೇ. ಹೆಂಡತಿಗೆ ಪಾರ್ಶ್ವವಾಯು ಹೊಡೆದು ಆರು ತಿಂಗಳಾಗಿದೆ. ನನ್ನ ಎರಡೂ ಕೈ ಹಿಡಿದುಕೊಂಡು, "ನೀವು ಕಳಿಸಿದ ಅಕ್ಕ ದಿನಾ ಬಂದು ಅವಳ ಕೈಕಾಲು ತಿಕ್ತಿದ್ರು ಸಾರ್. ನಿನ್ನೆ ಲೋಟ ತಾನೇ ಹಿಡ್ಕೊಂಡ್ಳು. ಭಾನುವಾರ ಸಭೆ ಮುಂದೆ ನಿಮ್ಮ ಬಗ್ಗೆ ಸಾಕ್ಷಿ ಹೇಳ್ತೀನಿ" ಎಂದ. ನಾನು ಯಾವ ಅಕ್ಕನನ್ನೂ ಕಳಿಸಿರಲಿಲ್ಲ. ಆದರೂ ನನ್ನ ಬಾಯಿ ಏನಂತು ಗೊತ್ತೇ? "ಎಲ್ಲಾ ದೇವರ ಕೃಪೆ." ಹೀಗೆ ಸಲೀಸಾಗಿ ಬರುವ ಮಾತುಗಳ ಪೈಕಿ ಅದು ನನ್ನ ಹಳೆಯ ದಾಸ್ತಾನು.

ಆ ಮಧ್ಯಾಹ್ನವೇ, ರಿಪೇರಿಗೆ ಕೊಟ್ಟಿದ್ದ ಕೋಟಿಗಾಗಿ ನಿಮ್ಮಲ್ಲಿಗೆ ಬಂದೆ. ಒಂದು ಹರಿದ ಜೇಬಿಗೆ ನೀವು ಐದು ವಾರ ತೆಗೆದುಕೊಂಡಿದ್ದಿರಿ. ಪೂರ್ತಿ ಕೋಟು ಹೊಲಿಯಲು ಕೊಟ್ಟಿದ್ದರೆ ಮೊಮ್ಮಗನ ಮದುವೆಗೆ ಸಿಗುತ್ತಿತ್ತೇನೋ ಎಂದು ಬೀದಿಯಲ್ಲೆಲ್ಲ ನಗೆಯಾಡಿದ್ದೆ. ಗುಂಡಿಯೊಂದು ಬಾಕಿಯಿತ್ತು. ನೀವು ಸೂಜಿ ಚಾಚಿ, "ಸ್ವಲ್ಪ ದಾರ ಪೋಣಿಸ್ಕೊಡ್ತೀರಾ?" ಎಂದಿರಿ. "ನಲ್ಲಿ ಮಾರೋನ ಕೈಗೆ ಸೂಜಿ ಕೊಡ್ತೀರಲ್ಲಕ್ಕಾ" ಎಂದು ಚೇಷ್ಟೆ ಮಾಡುತ್ತಲೇ ಪೋಣಿಸಿಕೊಟ್ಟೆ. ಗುಂಡಿ ಹಾಕಿದಿರಿ, ಹಲ್ಲಿನಿಂದ ದಾರ ಕಡಿದಿರಿ. ಆಮೇಲೆ ಹೇಳಿದಿರಿ:

"ಒಳಗಡೆ ಇದ್ದದ್ದು ಒಳಗೇ ಇದೆ. ಚೀಟಿಗಳನ್ನೆಲ್ಲ ಎದೆ ಹತ್ರಾನೇ ಇಟ್ಕೊಂಡು ಪ್ರಾರ್ಥನೆ ಮಾಡ್ತಿದ್ರಿ ಅಂತ ಗೊತ್ತಿರ್ಲಿಲ್ಲ. ಕೋಟು ನನ್ನ ಹತ್ರ ಇದ್ದಷ್ಟು ದಿನ ಆ ಕೆಲ್ಸ ನಿಲ್ಬಾರ್ದು ಅಂತ ನಾನೇ ಹೋಗ್ಬಂದೆ. ಚೀಟಿ ನಿಮ್ದು, ನನ್ನ ಹೆಸರಲ್ಲಿ ಹೇಗೆ ಹೋಗ್ಲಿ? ಹಿರಿಯರು ಕಳಿಸಿದ್ರು ಅಂದೆ."

ನನಗೆ ಏನೂ ಅರ್ಥವಾಗಲಿಲ್ಲ. ಮನೆಗೆ ಬಂದು ಬ್ಲೇಡಿನಿಂದ ಕೋಟಿನ ಲೈನಿಂಗ್ ಬಿಚ್ಚಿದೆ. ಮಡಚಿದ ಚೀಟಿಗಳು ಹಾಸಿಗೆಯ ಮೇಲೆ ಸುರಿದವು. ಎಣಿಸಿದೆ. ನಲವತ್ತಮೂರು.

ಚರ್ಚಿನ ಬಾಗಿಲ ಬಳಿಯ ಪೆಟ್ಟಿಗೆಗೆ ಜನ ಹಾಕುವ ಪ್ರಾರ್ಥನೆಯ ಚೀಟಿಗಳವು. ಭಾನುವಾರ ಅವನ್ನು ಓದುವುದು ಸಭೆಯ ಹಿರಿಯನಾದ ನನ್ನ ಕೆಲಸ. ಎಷ್ಟು ಚೆನ್ನಾಗಿ ಓದುತ್ತಿದ್ದೆ, ನಿಮಗೇ ಗೊತ್ತು. ದನಿ ನಡುಗಬೇಕಾದಲ್ಲಿ ನಡುಗುತ್ತಿತ್ತು. "ಈ ವಾರವೆಲ್ಲ ನಿಮಗಾಗಿ ಮಂಡಿಯೂರುತ್ತೇನೆ" ಎಂದು ಹೇಳಿ ಚೀಟಿಗಳನ್ನು ಒಳಜೇಬಿಗೆ ಸೇರಿಸುತ್ತಿದ್ದೆ. ಅಲ್ಲಿಗೆ ಮುಗಿಯಿತು. ಒಂದು ದಿನವೂ ಮಂಡಿಯೂರಲಿಲ್ಲ ಅಕ್ಕಾ. ಅಂಗಡಿಯಲ್ಲಿ ಒಂದು ವಾಷರ್ ಕಾಣದಿದ್ದರೆ ಡಬ್ಬಗಳನ್ನೆಲ್ಲ ಮಗುಚುವವನು, ವಾರವಾರವೂ ಜೇಬು ತಾನಾಗಿ ಖಾಲಿಯಾಗುತ್ತಿದ್ದರೂ ಏಕೆಂದು ಕೇಳಲಿಲ್ಲ. ತಳ ಹರಿದಿತ್ತು, ಎಲ್ಲರ ಕಷ್ಟವೂ ಲೈನಿಂಗಿನೊಳಕ್ಕೆ ಜಾರಿ ಕೂತಿತ್ತು. ಅದನ್ನೇ ಹೊತ್ತು ನಾನು ವೇದಿಕೆ ಹತ್ತುತ್ತಿದ್ದೆ. ಅದನ್ನು ಕಂಡ ನಿಮಗೆ ನನ್ನ ಬಗ್ಗೆ ಒಳ್ಳೆಯದೇ ತೋಚಿತಲ್ಲ! ನೀವು ಬೈದಿದ್ದರೆ ಎದುರುತ್ತರ ನನ್ನ ಬಳಿ ಸಿದ್ಧವಿರುತ್ತಿತ್ತು.

ಒಂದೊಂದು ಚೀಟಿಯ ಮೂಲೆಗೂ ಕೆಂಪು ದಾರದ ಸಣ್ಣ ಗಂಟು. ನೀವು ಹೋಗಿಬಂದ ಗುರುತು. ನಾನೂ ಹೊರಟೆ, ವಿಚಾರಿಸುತ್ತಾ. ತಾಯಿಗಾಗಿ ಬೇಡಿಕೊಂಡಿದ್ದ ಅಂಚೆಯವನ ಮನೆಗೆ ಹೋದರೆ, ತಾಯಿ ತೀರಿಕೊಂಡು ನಾಲ್ಕು ತಿಂಗಳು. ನೀವು ಆಕೆಯ ಖಾಲಿ ಮಂಚದ ಪಕ್ಕ ಇಡೀ ಮಧ್ಯಾಹ್ನ ಕೂತಿದ್ದಿರಂತೆ. "ತಡ ಆಯ್ತು, ಕ್ಷಮಿಸಿ" ಅಂದಿರಂತೆ. ತಡ ಮಾಡಿದವನು ನಾನು, ಕ್ಷಮೆ ಕೇಳಿದವರು ನೀವು. ಅವನ ಬಾಗಿಲಲ್ಲಿ ನಿಂತವನಿಗೆ ಚಪ್ಪಲಿ ಎಲ್ಲಿ ಬಿಟ್ಟಿದ್ದೆ ಎಂಬುದೂ ತಿಳಿಯಲಿಲ್ಲ.

ನಲವತ್ತೆರಡು ಚೀಟಿಗೆ ಗಂಟಿತ್ತು. ಒಂದಕ್ಕೆ ಇರಲಿಲ್ಲ. ಮರೆತಿರಬೇಕು ಎಂದುಕೊಂಡು ಬಿಡಿಸಿದೆ.

"ಬಲಗಣ್ಣು ಪೂರ್ತಿ ಮಸುಕು, ಈಗ ಎಡಗಣ್ಣೂ. ಸೂಜಿ ಪೋಣಿಸಲು ಆಗುತ್ತಿಲ್ಲ. ಕೆಲಸ ನಿಂತರೆ ಏನು ಮಾಡಲಿ? ದಯವಿಟ್ಟು ಪ್ರಾರ್ಥಿಸಿ. ಇಂತಿ, ಹೊಲಿಗೆಯವಳು."

ಅದನ್ನು ಓದಿದ್ದು ನೆನಪಿದೆ. ಬೆಂಚುಗಳಿಗೆ ಬಣ್ಣ ಹೊಡೆಸುವ ವಿಷಯ ಹೇಳುವ ಮೊದಲು, ಅದೇ ಉಸಿರಿನಲ್ಲಿ, "ಒಬ್ಬ ಸಹೋದರಿಯ ಕಣ್ಣಿಗಾಗಿ" ಎಂದಿದ್ದೆ. ಕೊನೆಯ ಬೆಂಚಿನಲ್ಲಿ ಯಾರೋ ತಲೆ ಎತ್ತಿದ್ದರು. ಆಮೇಲೆ ಅದೇ ಕಣ್ಣಿನಲ್ಲಿ ತಡಕಾಡುತ್ತಾ ನೀವು ನಲವತ್ತೆರಡು ಮನೆ ಹುಡುಕಿದಿರಿ, ನಿಮ್ಮದನ್ನು ನನ್ನ ಪಾಲಿಗೆ ಬಿಟ್ಟಿರಿ. ನಾನು ಪ್ರಾರ್ಥಿಸುತ್ತಿದ್ದೇನೆ ಎಂದು ನಂಬಿದ್ದಿರಿ.

ಇವತ್ತು ಬೆಳಿಗ್ಗೆ ಡಿಪೋಗೆ ಹೋಗಿ ಡ್ರೈವರಿಗೆ ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಅವನು ಸ್ಟೀರಿಂಗ್ ಬಿಟ್ಟು ಬಸ್ಸಿನಿಂದ ಕೆಳಗಿಳಿದ. "ಹಾಗಾದ್ರೆ ಭಾನುವಾರ ಸಾಕ್ಷಿ ಹೇಳ್ಬೇಕಾದ್ದು ನಾನಲ್ಲ, ನೀವೇ ಅಲ್ವಾ ಸಾರ್?" ಎಂದ. ಹೌದು ಎಂದೆ. ದನಿ ನಡುಗಿಸುವ ಹಳೆಯ ವಿದ್ಯೆಯನ್ನು ಈ ಸಲ ಬಳಸುವುದಿಲ್ಲ. ಹಿರಿಯನ ಸ್ಥಾನ ಹೋದರೆ ಹೋಗಲಿ. ನಿಮ್ಮ ಹೆಸರು ಹೇಳುವುದಿಲ್ಲ, ನೀವು ಒಪ್ಪುವುದಿಲ್ಲವೆಂದು ಗೊತ್ತು. ನನ್ನದನ್ನು ಹೇಳುತ್ತೇನೆ.

ಸೋಮವಾರ ಒಂಬತ್ತಕ್ಕೆ ಕಣ್ಣಾಸ್ಪತ್ರೆಯಲ್ಲಿ ಸಮಯ ತೆಗೆದುಕೊಂಡಿದ್ದೇನೆ. ಎಂಟೂವರೆಗೆ ನಿಮ್ಮ ಬಾಗಿಲಲ್ಲಿರುತ್ತೇನೆ. ಮಶೀನಿಗೆ ಬಟ್ಟೆ ಹೊದಿಸಿ ಹೊರಡಲು ಸಿದ್ಧವಾಗಿರಿ. "ಕೆಲ್ಸ ಜಾಸ್ತಿ ಇದೆ" ಎಂಬ ಮಾತು ನಡೆಯುವುದಿಲ್ಲ. ಆ ಕೆಂಪು ದಾರ ಒಂದು ಗೇಣು ನನಗೆ ಎತ್ತಿಡಿ. ನಲವತ್ತಮೂರನೆಯ ಚೀಟಿ ನನ್ನ ಬಳಿಯೇ ಇದೆ, ಕೆಲಸ ಮುಗಿಯುವವರೆಗೆ ಗಂಟು ಹಾಕುವುದಿಲ್ಲ.

ಕರ್ತನು ನಿಮ್ಮ ಕಣ್ಣುಗಳನ್ನು ಕಾಯಲಿ. ಈ ಸಾಲನ್ನು ಮೊದಲು ಮಂಡಿಯೂರಿ ಹೇಳಿ, ಆಮೇಲೆ ಎದ್ದು ಬರೆದಿದ್ದೇನೆ.

ಇಂತಿ, ನಿಮ್ಮ ಸೂಜಿಗೆ ಒಮ್ಮೆ ದಾರ ಪೋಣಿಸಿದ
ನಲ್ಲಿ ಅಂಗಡಿಯವನು